ಬ್ಯಾಟರಿ ಮಂಚಯ್ಯ

ಕಾರ್ಗಿಲ್ ಯುದ್ಧ ಮುಗಿದ ವರ್ಷ ಚನ್ನರಾಯಪಟ್ಟಣಕ್ಕೆ ದೇಶಭಕ್ತಿಯ ಜ್ವರ ಏರಿತ್ತು. ಹಳೇ ಸಿಪಾಯಿ ಎಲ್ಲಿ ಸಿಕ್ಕರೂ ಹಿಡಿದು ತಂದು ಶಾಲು ಹೊದಿಸುವುದೇ ಕೆಲಸ. ಬದುಕಿದ್ದವರು ಮುಗಿದ ಮೇಲೆ ಸತ್ತವರ ಸರದಿ ಬಂತು. ತೆಂಗಿನಕಾಯಿ ವ್ಯಾಪಾರಿ ಚನ್ನಪ್ಪ ಸುಮ್ಮನಿರುತ್ತಾನೆಯೇ? ಹದಿನಾಲ್ಕು ವರ್ಷದ ಹಿಂದೆ ತೀರಿಕೊಂಡ ಅಪ್ಪನ ಹೆಸರಲ್ಲಿ ಬಸ್ ತಂಗುದಾಣ ಕಟ್ಟಿಸಿ, ಅದರ ನೆತ್ತಿಗೆ ಕಲ್ಲು ಕೂರಿಸಿದ: 'ಬರ್ಮಾ ಯುದ್ಧವೀರ ಮಂಚಯ್ಯ, ಫೀಲ್ಡ್ ಬ್ಯಾಟರಿ.'

ಬ್ಯಾಟರಿ ಎಂದರೆ ಫಿರಂಗಿ ಹಾರಿಸುವ ತುಕಡಿ. ಮಂಚಯ್ಯ ಬರ್ಮಾದಲ್ಲಿ ಹಾರಿಸಿದ್ದು ಏನಿದ್ದರೂ ಮೈದಾಹಿಟ್ಟಿನ ದೂಳು.

ಹೊಳೆನರಸೀಪುರದಲ್ಲಿ ಹೆಡ್‌ಮಿಸ್ ಆಗಿದ್ದ ಚನ್ನಪ್ಪನ ಅಕ್ಕ ಪ್ರೇಮಕುಮಾರಿ ಸಮಾರಂಭಕ್ಕೆ ಬಂದವಳು ಕಲ್ಲು ನೋಡಿ ಉರಿದುಹೋದಳು. ಅಪ್ಪನ ಸೈನ್ಯದ ಸೇವಾ ಪುಸ್ತಕ ಅವಳ ಬ್ಯಾಗಿನಲ್ಲೇ ಇತ್ತು. ಅದರಲ್ಲಿ ಇದ್ದದ್ದು 'ಫೀಲ್ಡ್ ಬೇಕರಿ.' ಮಳೆಯ ಥಂಡಿಗೆ ಹಿಟ್ಟು ಉಬ್ಬದೆ ಹೋದರೆ ಮುಂದಿನ ಸಾಲಿನವರಿಗೆ ಬ್ರೆಡ್ಡಿಲ್ಲ ಎಂದು, ಹಿಟ್ಟಿನ ಡಬ್ಬ ತಬ್ಬಿಕೊಂಡು ಕಂಬಳಿಯೊಳಗೆ ಮಲಗುತ್ತಿದ್ದ ಮನುಷ್ಯ ಅವನು. ಯುದ್ಧದ್ದು ಅಂತ ಮಕ್ಕಳಿಗೆ ಅವನು ಹೇಳಿದ್ದು ಅದೊಂದೇ ಕತೆ. ಅಂಥವನನ್ನು ಈ ಹೆಡ್ಡ ತಮ್ಮ ಫಿರಂಗಿಗೆ ಕಟ್ಟಿದ್ದ. ತೆಂಗಿನಕಾಯಿ ಮಂಡಿಯಲ್ಲಿ ನಾಲ್ಕು ಜನರೆದುರು ಮೀಸೆ ತಿರುವಲು ಅಪ್ಪನ ಬ್ರೆಡ್ಡು ಸಾಲಲಿಲ್ಲವೇನೋ. ಕೈಗೊಂದು ಕತ್ತಿ ಕೊಡದೆ ಬಿಟ್ಟದ್ದೇ ಪುಣ್ಯ ಅಂದುಕೊಂಡಳು.

ಶಾಮಿಯಾನದ ಹಿಂದಕ್ಕೆ ತಮ್ಮನನ್ನು ಕರೆದಳು.

"ಏನೋ ಇದು? ಅಪ್ಪ ರೊಟ್ಟಿ ಸುಟ್ಟ ಅನ್ನೋಕೆ ಅಷ್ಟೊಂದು ನಾಚ್ಕೆ ಆಯ್ತಾ ನಿಂಗೆ?"

ಚನ್ನಪ್ಪ ಕಣ್ಣು ಪಿಳಿಪಿಳಿ ಬಿಟ್ಟ.

"ನಾಚ್ಕೆ ಯಾಕಕ್ಕ? ಪುಸ್ತಕದಲ್ಲಿ ಬ್ಯಾಟರಿ ಅಂತ ಅದೆ ಅಂದೋಳು ನೀನೇ ಅಲ್ವಾ. ಅಪ್ಪ ಅಡ್ಗೆ ಮಾಡ್ತಿದ್ದುದು ಬಿಡುವಾದಾಗ, ಮಿಕ್ಕಂಗೆ ಫಿರಂಗಿ ಅಂತ್ಲೂ ನೀನೇ ಅಂದಿದ್ದೆ. ನಂಗೆಲ್ಲಿ ಬತ್ತದೆ ಇಂಗ್ಲೀಷು. ನೀ ಓದಿದ್ದುನ್ನೇ ಕೆತ್ತುಸ್ದೆ ಕಣಕ್ಕ."

ಪ್ರೇಮಕುಮಾರಿಗೆ ಆ ದಿನ ನೆನಪಾಯಿತು.

ಆಗ ಅವಳು ಏಳನೇ ಕ್ಲಾಸು. ಜೊತೆಯ ರೇವಮ್ಮ ಸ್ಕೂಲಿನ ಬಾವಿ ಹತ್ತಿರ "ರೊಟ್ಟಿ ಸಿಪಾಯಿ ಮಗ್ಳು" ಅಂದಿದ್ದಳು. ಅಂದು ಸಂಜೆ ಚನ್ನಪ್ಪ ಅಪ್ಪನ ಪುಸ್ತಕ ಹಿಡಿದು ಬಂದು ಓದು ಅಂದಾಗ, ಬೀದಿಯವರಿಗೆಲ್ಲ ಕೇಳಲಿ ಎಂದು ಜಗಲಿ ಮೇಲೆ ನಿಂತು ಗಟ್ಟಿಯಾಗಿ ಓದಿದ್ದಳು: ಫೀಲ್ಡ್ ಬ್ಯಾಟರಿ. ಅಪ್ಪ ಅಲ್ಲೇ ಕೂತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಿಜ. ಆದರೆ ನಾಲ್ಕು ವರ್ಷ ಗುಡಾರದ ಬಾಗಿಲಲ್ಲಿ ದಿನಾ ಕಂಡ 'ಫೀಲ್ಡ್ ಬೇಕರಿ' ಎಂಬ ಎರಡು ಪದ ಬಾರದೆ ಇರುತ್ತದೆಯೇ?

ಅವನು ಮಗಳ ಮುಖವನ್ನೇ ನೋಡಿ, "ಚೆನ್ನಾಗಿ ಓದ್ತಾಳೆ ನನ್ ಮಗ್ಳು" ಅಂದಿದ್ದ. ಆಮೇಲೆ ಹಿಟ್ಟಿನ ಡಬ್ಬದ ಕತೆಯನ್ನು ಯಾವತ್ತೂ ಹೇಳಲಿಲ್ಲ.

ಮೈಕಿನಲ್ಲಿ ಅವಳ ಹೆಸರು ಕೂಗಿದರು, ವೀರ ತಂದೆಯ ಬಗ್ಗೆ ಎರಡು ಮಾತು ಎಂದು. ತಮ್ಮನಿಗೆ ಎಂದು ಬಾಯಲ್ಲಿ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ನುಂಗಿಕೊಂಡು ಮೆಟ್ಟಿಲು ಹತ್ತಿದಳು. ಮುಂದಿನ ಸಾಲಿನಲ್ಲಿ ಚನ್ನಪ್ಪ ಚಪ್ಪಾಳೆ ಹೊಡೆಯುತ್ತಿದ್ದ. ಅವಳು ಬ್ಯಾಗಿನಿಂದ ಪುಸ್ತಕ ತೆಗೆದಳು.

"ಆ ಕಲ್ಲಲ್ಲಿ ಒಂದು ತಪ್ಪಿದೆ. ಅದು ನನ್ನ ತಮ್ಮಂದಲ್ಲ, ನಂದು. ಇನ್ನೊಂದ್ಸಲ ಓದ್ತೀನಿ, ಕೇಳಿ" ಎಂದಳು.