ದೇಸಾಯಿಯ ಹೆಸರಿನ ಡಂಗುರ

“ಅಲ್ಲಲೇ ಹೊಲೆಸೂಳೆಮಗನ, ಕಟ್ಟಿ ಮ್ಯಾಲ ಇಡಬ್ಯಾಡ. ಕೆಳಗ ಇಡು, ಅಂಗಳದಾಗ.”

ವಾಡೆಯ ಬಾಗಿಲಲ್ಲಿ ನಿಂತು ಹೀಗೆ ಬೈದವನು ಅಂದಪ್ಪ ದೇಸಾಯಿ. ಬೈಸಿಕೊಂಡವನು ನಮ್ಮ ಕೇರಿಯ ಅಮಾತೆಪ್ಪ. ಅವನ ತಲೆಯ ಮೇಲೆ ತಗಡಿನ ದೊಡ್ಡ ಟ್ರಂಕು ಇತ್ತು. ಬಾಗಲಕೋಟೆಯ ರೈಲು ಸ್ಟೇಶನ್ನಿನಿಂದ ಎರಡು ದಿನ ನಡೆದು, ಅಮೀನಗಡ ದಾಟಿ ಅದನ್ನು ಹೊತ್ತು ತಂದಿದ್ದ. ಟ್ರಂಕಿನ ಒಡೆಯರಾದ ವಕೀಲರು ದೇಸಾಯಿಯ ಗಾಡಿಯಲ್ಲಿ ಹಿಂದಿನ ದಿನವೇ ಬಂದು, ಮಿಂದು, ಉಂಡು, ಮಲಗಿ ಎದ್ದಿದ್ದರು. ಟ್ರಂಕನ್ನೂ ಗಾಡಿಯಲ್ಲೇ ಹಾಕಬಹುದಿತ್ತು. ಆದರೆ ಎತ್ತುಗಳಿಗೆ ಭಾರವಾಗುತ್ತದೆಂದು ದೇಸಾಯಿಯ ಕರುಳು ಚುರುಕ್ಕೆಂದಿತ್ತು.

ಅಮಾತೆಪ್ಪ ಟ್ರಂಕು ಇಳಿಸಿ ದೂರ ಸರಿದ. ಆಳೊಬ್ಬ ತಂಬಿಗೆಯ ನೀರು ಚಿಮುಕಿಸಿ ಅದರ ಮೈಲಿಗೆ ಕಳೆದ. ವಕೀಲರು ಕೀಲಿ ತೆಗೆದರು. ಒಳಗೆಲ್ಲ ಅಚ್ಚಾದ ಕಾಗದ. ಕನ್ನಡಿಗರು ಪರರ ಹೊರೆ ಹೊತ್ತದ್ದು ಇನ್ನು ಸಾಕು ಎಂದು ಅದರಲ್ಲಿ ಬರೆದಿತ್ತಂತೆ. ನಮಗೆ ಇದು ಆಮೇಲೆ ತಿಳಿಯಿತು. ಹೊತ್ತು ತಂದವನಿಗೆ ಆಗ ತಿಳಿದದ್ದು ಕುತ್ತಿಗೆಯ ನೋವು ಮಾತ್ರ.

ಅದು ಜರ್ಮನಿಯ ಲಡಾಯಿ ನಡೆದಿದ್ದ ಕಾಲ. ವಿಲಾಯತಿಯಿಂದ ದೊಡ್ಡ ಸಾಹೇಬನೊಬ್ಬ ಬರುತ್ತಾನೆ, ಯಾರಿಗೆ ಏನು ಬೇಕೆಂದು ಕೇಳುತ್ತಾನೆ ಎಂಬ ಸುದ್ದಿ ಹಬ್ಬಿತ್ತು. ಕನ್ನಡದ ಸೀಮೆ ಮುಂಬೈಗೊಂದು ಪಾಲು, ಮದರಾಸಿಗೊಂದು ಪಾಲು, ನಿಜಾಮನಿಗೊಂದು ಪಾಲು ಎಂದು ಹರಿದುಹೋಗಿದೆ. ಎಲ್ಲ ಕೂಡಿಸಿ ಒಂದೇ ಪ್ರಾಂತ ಮಾಡಿ ಅದರ ಆಳಿಕೆ ನಮ್ಮ ಕೈಗೆ ಕೊಡಿ ಎಂದು ಬರೆದುಕೊಡಬೇಕೆಂದು ವಕೀಲರಂಥವರು ಊರೂರು ತಿರುಗುತ್ತಿದ್ದರು. ಹೋದ ವರ್ಷ ಹುನಗುಂದದಲ್ಲಿ ಸಭೆ ಕರೆದಾಗ ಹತ್ತು ಜನ ಬಂದಿದ್ದರು, ಅವರಲ್ಲಿ ಮೂವರು ಮಳೆಗೆ ಆಸರೆ ಬೇಡಿ ಬಂದವರು. ಈ ವರ್ಷ ಮಾತು ಎಲ್ಲ ಕಡೆ ಹೊತ್ತಿಕೊಂಡಿತ್ತು. ಇಳಕಲ್ಲಿನ ನೇಕಾರರು ಮಗ್ಗ ನಿಲ್ಲಿಸಿ ಭಾಷಣ ಕೇಳುತ್ತಿದ್ದರು. ನಮ್ಮ ದೇಸಾಯಿ ಕೂಡ ಕಲೆಕ್ಟರ ಸಾಹೇಬನಿಗೆ ಹಾರ ಹಾಕುವುದನ್ನು ಬಿಟ್ಟು ಈ ಕಡೆ ಬಂದಿದ್ದ. ಹೊಸ ಮಾಮಲೇದಾರ ತುಂಬಿದ ಕಚೇರಿಯಲ್ಲಿ ಅವನನ್ನು ಮರಾಠಿಯಲ್ಲಿ ಬೈದನಂತೆ. ತಿರುಗಿ ಬೈಯಲು ದೇಸಾಯಿಗೆ ಮರಾಠಿ ಬರಲಿಲ್ಲ. ಕನ್ನಡದ ಅಭಿಮಾನ ಅವನಲ್ಲಿ ಹುಟ್ಟಿದ್ದು ಆ ದಿನ.

ಗುರುವಾರ ಬಸವಣ್ಣನ ಗುಡಿಯ ಮುಂದೆ ಸಭೆ ಎಂದು ಗೊತ್ತಾಯಿತು. ಡಂಗುರ ಸಾರುವುದು ಅಮಾತೆಪ್ಪನ ಪಾಲಿನ ಚಾಕರಿ. ದೇಸಾಯಿಯ ಗುಮಾಸ್ತ ರಾಚಯ್ಯ ಅವನನ್ನು ಅಂಗಳದಾಚೆ ನಿಲ್ಲಿಸಿ ಮಾತು ಬಾಯಿಪಾಠ ಮಾಡಿಸಿದ. ಕನ್ನಡ ಮಾತಾಡುವವರೆಲ್ಲ ಒಂದೇ ತಾಯಿಯ ಮಕ್ಕಳು, ಎಲ್ಲರೂ ಬರಬೇಕು, ದೇಸಾಯರ ಹುಕುಂ. ಅಮಾತೆಪ್ಪ ಸುತ್ತಲ ಏಳು ಊರಿಗೆ ಹಲಗೆ ಬಡಿದು ಇದನ್ನೇ ಸಾರಿ ಬಂದ.

ಅವನ ಹೆಂಡತಿ ಮಾಯವ್ವ ಬಿಸಿನೀರಿನಲ್ಲಿ ಅವನ ಕಾಲು ತೊಳೆಯುತ್ತ ಕೇಳಿದಳು. “ನಾವು ಯಾ ಮಾತ ಆಡ್ತೇವಿ?”

“ಕನ್ನಡಾನ.”

“ಹಂಗಾರ ಆ ತಾಯಿ ನಮ್ಮನ್ನ ಎಲ್ಲಿ ಹಡದಾಳ, ತಿಪ್ಪಿಯಾಗೇನು?”

ಅಮಾತೆಪ್ಪ ನಕ್ಕ. ಅವನು ಯಾವುದಕ್ಕೂ ನಗುವ ಮನುಷ್ಯ. ಅದರಿಂದಲೇ ಇಷ್ಟು ವರ್ಷ ಬಾಳಿದ್ದ.

ಸಭೆಯ ದಿನ ಕೇರಿಗೂ ಕರೆ ಬಂತು. ತಲೆ ಹೆಚ್ಚು ಕಂಡರೆ ಪತ್ರಿಕೆಯಲ್ಲಿ ಚೆನ್ನಾಗಿ ಬರುತ್ತದೆ ಎಂದು ವಕೀಲರು ಹೇಳಿದ್ದರಂತೆ. ಗುಡಿಯ ಮುಂದಿನ ಬೇವಿನ ನೆರಳು ಊರವರಿಗೆ. ನೆರಳು ಮುಗಿದಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ, ಬಿಸಿಲಿನಲ್ಲಿ, ನಾವು. ಪಿಂಜಾರ ಮೀರಾಸಾಬ ನೆರಳಿನ ಅಂಚಿನಲ್ಲಿ, ಅರ್ಧ ಬಿಸಿಲು ಅರ್ಧ ನೆರಳಿನಲ್ಲಿ ಕೂತಿದ್ದ.

ವಕೀಲರು ಬಹಳ ಚಂದ ಮಾತಾಡಿದರು. ನಮ್ಮ ನೆಲದಲ್ಲೇ ನಾವು ಕೂಲಿಗಳಾಗಿದ್ದೇವೆ, ನಮ್ಮ ದುಡಿಮೆಗೆ ಬೆಲೆಯಿಲ್ಲ, ನಮ್ಮನ್ನು ಬಾಗಿಲಾಚೆ ನಿಲ್ಲಿಸುತ್ತಾರೆ, ತಿಳಿಯದ ಭಾಷೆಯಲ್ಲಿ ಬೈಯುತ್ತಾರೆ ಎಂದರು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿದೆವು. ಈ ಮನುಷ್ಯನಿಗೆ ನಮ್ಮ ಸಂಗತಿ ಹೇಳಿದವರು ಯಾರು ಎಂದು ನಮಗೆ ಅಚ್ಚರಿ. ನಮ್ಮನ್ನು ಬೈಯುವ ಭಾಷೆ ಮಾತ್ರ ನಮಗೆ ಚೆನ್ನಾಗಿ ತಿಳಿಯುತ್ತಿತ್ತು, ಅಷ್ಟೇ ವ್ಯತ್ಯಾಸ. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಕೇಳಿ ದೇಸಾಯಿಗೆ ತಡೆಯಲಾಗಲಿಲ್ಲ. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿರಲು ಎದ್ದು ನಿಂತು ಕೈಯೆತ್ತಿದ.

“ಬಸವಣ್ಣನ ಮುಂದ ನಿಂತು ಹೇಳ್ತೇನಿ. ಇನ್ನ ಮ್ಯಾಲ ಕನ್ನಡ ಮಾತಾಡಾವ ಒಬ್ಬನೂ ಇನ್ನೊಬ್ಬನ ಬಿಟ್ಟಿ ಹೊರೆ ಹೊರಂಗಿಲ್ಲ.”

ಒಪ್ಪಿದವರು ಕೈ ಎತ್ತಿರಿ ಎಂದರು ವಕೀಲರು. ನಾವೂ ಎತ್ತಿದೆವು. ರಾಚಯ್ಯ ಬಿಸಿಲಿಗೆ ಬಂದು ನಮ್ಮ ಕೈಗಳನ್ನೂ ಎಣಿಸಿಕೊಂಡು ಹೋದ. ಗಾಳಿಯಲ್ಲಿರುವ ಕೈಗೆ ಮೈಲಿಗೆ ಇಲ್ಲವೆಂದು ಕಾಣುತ್ತದೆ.

ಸಭೆ ಮುಗಿದ ಮೇಲೆ ಅದೇ ರಾಚಯ್ಯ ಕೇರಿಯ ಅಂಚಿಗೆ ಬಂದು ನಿಂತ. ಹೆಂಗಸರು ಗುಡಿಯ ಅಂಗಳ ಗುಡಿಸಬೇಕು. ಗಂಡಸರು ವಾಡೆಯ ಕಟ್ಟಿಗೆ ಒಡೆಯಬೇಕು. ಅಮಾತೆಪ್ಪ ನಾಳೆ ಟ್ರಂಕು ಹೊತ್ತು ಇಳಕಲ್ಲಿಗೆ ನಡೆಯಬೇಕು, ಅಲ್ಲಿ ಶನಿವಾರ ಸಭೆ. ಎಲ್ಲ ಎಂದಿನಂತೆ ಬಿಟ್ಟಿ. ಅಮಾತೆಪ್ಪ ಆಗಲಿ ಎಂದು ತಲೆಯಾಡಿಸಿದ. ಮಾಯವ್ವ ಗಂಡನ ಮುಖ ನೋಡಿದಳು. ಆ ಹೊತ್ತು ಅವನು ನಗಲಿಲ್ಲ.

ಮರುದಿನ ಹೊತ್ತು ಮೂಡಿದಾಗ ಊರೊಳಗೆ ಹಲಗೆಯ ಸದ್ದು. ಊರ ಅಗಸೆ ಬಾಗಿಲಿನಿಂದ ಶುರುಮಾಡಿ ಒಂದೊಂದು ಓಣಿಯ ಬಾಯಲ್ಲೂ ನಿಂತು ಅಮಾತೆಪ್ಪ ಸಾರುತ್ತಿದ್ದ. “ಕೇಳ್ರಪ್ಪಾ ಕೇಳ್ರಿ, ದೇಸಾಯರ ಹುಕುಂ ಐತಿ. ಕನ್ನಡ ಮಾತಾಡಾವ ಒಬ್ಬನೂ ಇನ್ನ ಬಿಟ್ಟಿ ಹೊರಂಗಿಲ್ಲ. ಕೇರಿಯವರೂ ಹೊರಂಗಿಲ್ಲ.”

ಕೊನೆಯದೊಂದು ಮಾತು ಮಾತ್ರ ಅವನದು. ಉಳಿದದ್ದೆಲ್ಲ ದೇಸಾಯಿ ಬಸವಣ್ಣನ ಮುಂದೆ ಆಡಿದ್ದೇ.

ಸೂರ್ಯ ನೆತ್ತಿಗೇರುವ ಮೊದಲೇ ದೇಸಾಯಿಯ ಆಳುಗಳು ಅವನನ್ನು ವಾಡೆಗೆ ಅಟ್ಟಿಕೊಂಡು ತಂದರು. ಹಲಗೆಯನ್ನೂ ಅವನ ಕೈಯಲ್ಲೇ ಹೊರಿಸಿ ತಂದರು, ಮುಟ್ಟುವವರು ಬೇರೆ ಯಾರೂ ಇರಲಿಲ್ಲ. ಊರು ಗೋಡೆಯುದ್ದಕ್ಕೂ ನಿಂತಿತ್ತು, ನಾವು ಅವರ ಹಿಂದೆ. ಬಿಟ್ಟಿ ಎಂದಿನಂತೆ ಇದೆ ಎಂದು ತಿರುಗಿ ಸಾರಲು ದೇಸಾಯಿ ಹೇಳಿದ.

“ಸಾರ್ತೇನ್ರಿ ಧಣಿ. ಮಾತ ಹೇಳಿಕೊಡ್ರಿ. ನನ್ನ ಬಾಯಿಂದ ಹೆಚ್ಚುಕಡಿಮಿ ಆಗಬಾರದು” ಎಂದ ಅಮಾತೆಪ್ಪ.

ರಾಚಯ್ಯ ದೌತಿ ಲೆಕ್ಕಣಿಕೆ ತಂದು ಕೂತ. ಕನ್ನಡದವರು ಬಿಟ್ಟಿ ಹೊರಬೇಕು ಎಂದು ಬರೆದ. ಹೀಗೆ ಸಾರಿದರೆ ನಿನ್ನೆಯ ಭಾಷಣದ ಗತಿ ಏನು ಎಂದು ವಕೀಲರು ಹೊಡೆದುಹಾಕಿಸಿದರು. ಕನ್ನಡದವರು ಹೊರಬೇಕಾಗಿಲ್ಲ, ಕೇರಿಯವರು ಹೊರಬೇಕು ಎಂದು ಎರಡನೆಯ ಸಲ ಬರೆದ. ಓದಿ ಹೇಳಿದ್ದನ್ನು ಅಮಾತೆಪ್ಪ ಕೈಕಟ್ಟಿ ಕೇಳಿದ.

“ಆತ್ರಿ. ಯಾರರ ಕೇಳಿದರ ಏನ ಹೇಳಲಿ? ಕೇರಿಯವರು ಯಾ ಮಾತ ಆಡ್ತಾರಂತ?”

ಗೋಡೆಯ ಕಡೆ ಮೀರಾಸಾಬ ಕಿಸಕ್ಕನೆ ನಕ್ಕ. ಅವನ ಹಿಂದೆ ಇನ್ನೂ ನಾಲ್ಕು ಜನ ನಕ್ಕರು, ಅವರು ಊರವರೇ. ಇಳಕಲ್ಲಿನ ಸಭೆ ಮುಗಿಯುವ ತನಕ ಇದನ್ನು ಹೀಗೇ ಬಿಡುವುದು ಮೇಲು ಎಂದು ವಕೀಲರು ಮೆಲ್ಲಗೆ ಹೇಳಿದರು. ದೇಸಾಯಿಯ ಮುಖ ಕೆಂಪೇರಿತ್ತು. ಈ ಮಗ ಸಾರದಿದ್ದರೆ ಇನ್ನೊಬ್ಬ ಸಾರಲಿ ಎಂದು ತಳವಾರನಿಗೆ ಹೇಳಿದ. ತಳವಾರ ನೆಲದ ಮೇಲಿದ್ದ ಹಲಗೆಯನ್ನು ನೋಡಿದ. ಸತ್ತ ಎಮ್ಮೆಯ ಚರ್ಮ. ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಆಳುಗಳು ಹಿಂದೆ ಸರಿದರು. ಊರಿಗೆಲ್ಲ ಸಾರಿದ ಹುಕುಂ ಹಿಂದಕ್ಕೆ ತರಲು ಇಡೀ ವಾಡೆಯಲ್ಲಿ ಒಬ್ಬ ಗಂಡಸೂ ಇರಲಿಲ್ಲ.

ಆಗ ದೇಸಾಯಿಯ ಸಿಟ್ಟಿಗೆ ಉಳಿದದ್ದು ಒಂದೇ ದಾರಿ. ಇಬ್ಬರು ಆಳುಗಳು ಅಮಾತೆಪ್ಪನನ್ನು ಕೆಡವಿ, ಅವನ ಬಲಗೈಯನ್ನು ಕಲ್ಲಿನ ಮೇಲೆ ಇಡಿಸಿ, ಎಕ್ಕಡದ ಕಾಲಿನಿಂದ ತುಳಿದರು. ತುಳಿಯುವಾಗ ಮೈಲಿಗೆ ಯಾರಿಗೂ ನೆನಪಾಗಲಿಲ್ಲ. ನಾವು ನಲವತ್ತು ಜನ ಇದ್ದೆವು, ನಿಂತು ನೋಡಿದೆವು. ಇದನ್ನು ಹೇಳದೆ ಬಿಟ್ಟರೆ ಕಥೆ ಸುಳ್ಳಾಗುತ್ತದೆ. ವಕೀಲರು ಕನ್ನಡಕ ಹುಡುಕಲು ಒಳಗೆ ಹೋಗಿದ್ದರು. ಅದು ಅವರ ಮೂಗಿನ ಮೇಲೆಯೇ ಇತ್ತು.

ಮೀರಾಸಾಬ ಕೇರಿಗೆ ಬಂದು, ಬಿದಿರಿನ ಸೀಳು ಕಟ್ಟಿ, ಅರಳೆ ಸುತ್ತಿ ಕೈ ಕಟ್ಟಿದ. ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದ. ಅಮಾತೆಪ್ಪ ಗೋಡೆಗೆ ಮುಖ ಮಾಡಿ ಮಲಗಿದ. ಅಷ್ಟು ಹೊತ್ತಿಗೆ ಟ್ರಂಕು ಗಾಡಿ ಏರಿತ್ತು. ಎತ್ತುಗಳಿಗೆ ಏನೂ ಆಗಲಿಲ್ಲ.

ಶನಿವಾರ ಮುಂಜಾನೆ ಮಾಯವ್ವ ಚರ್ಮ ಬಿಗಿಯಾಗಲೆಂದು ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದಳು. ಹೆಂಗಸರು ಹಲಗೆ ಬಡಿಯುವುದು ನಮ್ಮಲ್ಲೂ ಇರಲಿಲ್ಲ. ಕೇರಿಯ ಹಿರಿಯ ಮಲಕಪ್ಪ ಬಂದು, ನಿನಗೆ ಬಡಿಯಲು ಬರುವುದಿಲ್ಲ, ಕೇರಿಗೆ ಬೆಂಕಿ ತರಬೇಡ ಎಂದ. ಅವಳು ತಲೆಯೆತ್ತದೆ ಉತ್ತರ ಕೊಟ್ಟಳು.

“ಅಂವಗ ಬರ್ತಿತ್ತು, ಅದಕ್ಕ ಕೈ ಮುರದ್ರು. ನನಗ ಬರೂದಿಲ್ಲ, ಏನ ಮುರೀತಾರ ನೋಡೂಣು.”

ಅವಳೊಂದಿಗೆ ಹೊರಟವರು ಒಂಬತ್ತು ಜನ. ಉಳಿದವರು ಬಾಗಿಲು ಮುಂದೆ ಮಾಡಿಕೊಂಡರು.

ಇಳಕಲ್ಲಿನಲ್ಲಿ ಪೇಟೆಯ ನಡುವೆ ಅಟ್ಟ ಕಟ್ಟಿದ್ದರು. ನೇಕಾರರು, ನೂಲಿಗೆ ಬಣ್ಣ ಹಾಕುವವರು, ವ್ಯಾಪಾರಿಗಳು ಕಿಕ್ಕಿರಿದು ನಿಂತಿದ್ದರು. ಅಷ್ಟು ಜನರನ್ನು ನಾವು ಎಂದೂ ಕಂಡಿರಲಿಲ್ಲ. ವಕೀಲರು ಮಾತಾಡುತ್ತಿದ್ದರು, ದೇಸಾಯಿ ಹಾರ ಹಾಕಿಕೊಂಡು ಕೂತಿದ್ದ. ನಮ್ಮ ದುಡಿಮೆಗೆ ಬೆಲೆಯಿಲ್ಲ ಎಂಬಲ್ಲಿಗೆ ವಕೀಲರು ಬಂದಾಗ ಮಾಯವ್ವ ಗುಂಪಿನ ಹಿಂದೆ ನಿಂತು ಹಲಗೆಗೆ ಕೋಲು ಹಾಕಿದಳು. ಗತ್ತಿಲ್ಲ, ತಾಳವಿಲ್ಲ, ಬಟ್ಟೆ ಒಗೆದಂಥ ಬಡಿತ. ಜನ ತಿರುಗಿದರು.

“ಕೇಳ್ರಪ್ಪಾ ಕೇಳ್ರಿ” ಎಂದು ಅವಳು ಶುರುಮಾಡಿದಳು. ದನಿ ಮೊದಲು ಒಡೆಯಿತು, ಆಮೇಲೆ ಗಟ್ಟಿಯಾಯಿತು. “ಹಾರ ಹಾಕ್ಕೊಂಡು ಕುಂತಾನಲ್ಲ, ಆ ದೇಸಾಯನ ಹುಕುಂ ಐತಿ. ಕನ್ನಡ ಮಾತಾಡಾವ್ರು ಬಿಟ್ಟಿ ಹೊರಂಗಿಲ್ಲ. ಇದನ್ನ ಸಾರಿದ ನನ್ನ ಗಂಡನ ಕೈ ಮುರದಾರ. ಕನ್ನಡದಾಗ ಬೈದು ಮುರದಾರ.”

ವಕೀಲರು ಅಟ್ಟದ ಮೇಲಿಂದ ಶಾಂತಿ, ಶಾಂತಿ ಎನ್ನುತ್ತಿದ್ದರು. ಅವರ ಕಡೆ ಯಾರೂ ನೋಡುತ್ತಿರಲಿಲ್ಲ. ದೇಸಾಯಿಯ ಆಳುಗಳು ಜನರನ್ನು ಸೀಳಿಕೊಂಡು ನಮ್ಮತ್ತ ಬರುತ್ತಿದ್ದರು. ನೇಕಾರರು ದಾರಿ ಬಿಡುತ್ತಾರೋ ಇಲ್ಲವೋ ತಿಳಿಯದೆ ನಾವು ಒಂಬತ್ತು ಜನ ಮಾಯವ್ವನ ಸುತ್ತ ಒತ್ತಿ ನಿಂತೆವು. ಅಷ್ಟರಲ್ಲಿ ಪೇಟೆಯ ಆ ತುದಿಯಲ್ಲಿ, ಇಳಕಲ್ಲಿನ ಕೇರಿಯವರನ್ನು ಬಿಸಿಲಿಗೆ ಕೂರಿಸಿದ್ದ ಕಡೆಯಿಂದ, ಇನ್ನೊಂದು ಹಲಗೆ ದನಿ ಕೊಟ್ಟಿತು. ಬಡಿಯುತ್ತಿದ್ದವನು ಯಾರೋ ಪಳಗಿದ ಕೈಯವನು.