ಅಕ್ಕನ ಕಲ್ಲಿನ ಗುಳಿ

ಮೇಸ್ತ್ರಿ ಕರಣೆಯನ್ನು ನೀರಿನಲ್ಲಿ ಅದ್ದಿ ಕಲ್ಲಿನ ಮೇಲೆ ಕೊನೆಯ ಸಲ ಎಳೆದ. ಮಟ್ಟಗೋಲು ಅಡ್ಡವಿಟ್ಟು, ಅದರಡಿ ಎಲ್ಲಾದರೂ ಬೆಳಕು ತೂರುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದ. ಎಲ್ಲೂ ತೂರಲಿಲ್ಲ. ತನ್ನ ಕೆಲಸಕ್ಕೆ ತಾನೇ ತಲೆದೂಗುವ ಚಟ ಅವನಿಗಿರಲಿಲ್ಲ. ಇವತ್ತು ಮಾತ್ರ ತಲೆದೂಗಿದ. ಇದು ಅವನ ಅಕ್ಕನ ಕಲ್ಲು.

ದಿಬ್ಬದೊಳಗಿಂದ ಬರುವ ಒರತೆಯ ನೀರು ಈ ಬಟ್ಟೆ ಒಗೆಯುವ ಕಟ್ಟೆಯಲ್ಲಿ ಕಲ್ಲಿನ ತೊಟ್ಟಿಗೆ ಬಿದ್ದು ಕೆಳಗಿನ ಹಳ್ಳಕ್ಕೆ ಹೋಗುತ್ತದೆ. ತೊಟ್ಟಿಯ ಸುತ್ತ ಇಳಿಜಾರಾಗಿ ಕೂರಿಸಿದ ಒಗೆಯುವ ಕಲ್ಲುಗಳು, ಮೇಲೊಂದು ಹಂಚಿನ ಮಾಡು. ಒಂದು ಕಾಲಕ್ಕೆ ಇಲ್ಲಿ ಕಲ್ಲು ಸಿಗಬೇಕಾದರೆ ಕೋಳಿ ಕೂಗುವ ಮೊದಲೇ ಬರಬೇಕಿತ್ತು. ಜಗಳವೂ ಇಲ್ಲೇ, ರಾಜಿಯೂ ಇಲ್ಲೇ, ಯಾರ ಮಗಳು ಯಾರ ಮಗನಿಗೆ ಎಂಬ ಪಿಸುಮಾತೂ ಇಲ್ಲೇ. ಈಗ ಸುತ್ತ ಎತ್ತರದ ಕಟ್ಟಡಗಳೆದ್ದು ಮನೆಮನೆಯಲ್ಲೂ ಯಂತ್ರ ತಿರುಗುತ್ತದೆ. ಉಳಿದವಳು ಅಕ್ಕ ಒಬ್ಬಳೇ. ದವಾಖಾನೆಯ ಹೊದಿಕೆ, ಕ್ಷೌರದಂಗಡಿಯ ಟವೆಲ್ಲು ಒಗೆದೇ ಅವಳ ಒಲೆ ಉರಿಯಬೇಕು. ಅವಳಿರುವ ಕೋಣೆಯಲ್ಲಿ ಒಂದು ಬಕೆಟ್ಟು ಇಟ್ಟರೆ ಕಾಲಿಡಲು ಜಾಗವಿಲ್ಲ.

ಈ ಕಟ್ಟೆಯನ್ನೂ ಹಳ್ಳವನ್ನೂ ಊರಿನ ಪರಂಪರೆಯೆಂದು ಉಳಿಸಿಕೊಳ್ಳಲು ಪುರಸಭೆ ಹೊರಟಾಗ ಮೊದಲು ಬಂದ ಮಾತೇ ಕಂಬಿಬೇಲಿ. ಇನ್ನು ಒಗೆಯುವಂತಿಲ್ಲ, ಸೋಪಿನ ನೊರೆಯಿಂದ ಹಳ್ಳದ ಮೀನುಮರಿಗಳಿಗೆ ಕೇಡು ಎಂದರು.

"ಇಷ್ಟು ವರ್ಷ ನನ್ನ ನೊರೆ ಕುಡಿದೇ ದಪ್ಪ ಆಗಿದಾವೆ. ಈಗ ಅವಕ್ಕೂ ಪಥ್ಯ ಶುರುವಾಯ್ತಾ?" ಅಂದಿದ್ದಳು ಅಕ್ಕ.

ನಗೆಯಾಡಿದರೂ ಆ ವಾರವೆಲ್ಲ ಅವಳು ಸರಿಯಾಗಿ ಉಣ್ಣಲಿಲ್ಲ. ಕಡೆಗೆ ಪುರಸಭೆಯ ಅಧಿಕಾರಿಣಿಯೊಬ್ಬಳು ಪರಂಪರೆ ಸಮಿತಿಯೊಂದಿಗೆ ವಾದಿಸಿ ಒಂದು ದಾರಿ ಹುಡುಕಿದಳು. ನೊರೆ ನೀರು ಹಳ್ಳಕ್ಕೆ ಸೇರದಂತೆ ಬೇರೆ ಮೋರಿ. ಒಗೆಯಲು ಮೂರನೆಯ ಕಲ್ಲು ಮಾತ್ರ ಅಕ್ಕನಿಗೆ. ಮೋರಿಯನ್ನು ಮೇಸ್ತ್ರಿಯೇ ತೋಡಿದ. "ಮೂರನೇದು ನಿಮ್ಮಕ್ಕನ ಕಲ್ಲಂತೆ, ಚೆನ್ನಾಗಿ ನೋಡ್ಕೋ" ಎಂದು ಗುತ್ತಿಗೆದಾರ ಸ್ಕೂಟರಿನಿಂದ ಇಳಿಯದೆಯೇ ಹೇಳಿ ಹೋಗಿದ್ದ.

ಮೇಸ್ತ್ರಿ ಚೆನ್ನಾಗಿಯೇ ನೋಡಿಕೊಂಡ. ಉಳಿದ ಕಲ್ಲುಗಳ ಪಾಚಿ ಉಜ್ಜಿ ಬಿಟ್ಟ. ಈ ಕಲ್ಲಿನ ನಡುವೆ ಮಾತ್ರ ಒಂದು ಗುಳಿಯಿತ್ತು. ಮಗುವಿನ ತಲೆ ಕೂರುವಷ್ಟು. ಅದಕ್ಕೆ ಮನೆಯಿಂದಲೇ ಒಳ್ಳೆ ಸಿಮೆಂಟು ತಂದ, ಮರಳನ್ನು ಜರಡಿ ಹಿಡಿದ, ಬೇಗ ಬಿಗಿಯಲೆಂದು ನೀರು ಕಡಿಮೆ ಹಾಕಿ ಕಲಸಿದ. ಗಾರೆಯವನ ಕಣ್ಣಿಗೆ ಗುಳಿಯೆಂದರೆ ಯಾರೋ ಬಾಕಿ ಬಿಟ್ಟ ಕೆಲಸ.

ಮಧ್ಯಾಹ್ನ ಅಧಿಕಾರಿಣಿ ಬಂದಳು. ಮರುದಿನ ಬೆಳಿಗ್ಗೆ ಸಮಿತಿಯವರು ಬರುವವರಿದ್ದರು. ಅವಳು ಕಲ್ಲುಗಳ ಮೇಲೆ ಕಣ್ಣಾಡಿಸಿ, ಮತ್ತೆ ಮೊದಲಿನಿಂದ ಆಡಿಸಿದಳು.

"ಗುಳಿ ಇದ್ದ ಕಲ್ಲು ಎಲ್ಲಿ, ಮೇಸ್ತ್ರಿ?"

"ಇದೇ ಮೇಡಂ. ಮುಚ್ಚಿಬಿಟ್ಟೆ. ಕೈಯಾಡಿಸಿ ನೋಡಿ, ಗಾಜು."

ಅವಳು ಕೈಯಾಡಿಸಲಿಲ್ಲ. ಹೆಗಲಿನ ಚೀಲ ಇಳಿಸಿ ತೊಟ್ಟಿಯ ಅಂಚಿನಲ್ಲಿ ಕೂತಳು.

"ಅದನ್ನ ಮುಟ್ಟಬೇಡಿ ಅಂತ ಹೇಳಿ ಕಳಿಸಿದ್ದೆನಲ್ಲ."

"ನಂಗೆ ಚೆನ್ನಾಗಿ ನೋಡ್ಕೋ ಅಂದ್ರು."

"ಸಮಿತಿಯವರ ಕೈ ಹಿಡಿದು ಆ ಗುಳಿಯಲ್ಲಿ ಇಡಿಸಿದ್ದೆ, ಮೇಸ್ತ್ರಿ. ಇದನ್ನ ಯಾರೂ ಕೆತ್ತಿಲ್ಲ, ಕೈಯಿಂದ ಸವೆದದ್ದು, ಇನ್ನೂ ಸವೀತಾ ಇದೆ, ನಿಲ್ಲಿಸಬೇಡಿ ಅಂದಿದ್ದೆ. ಅದೊಂದಕ್ಕೇ ಒಪ್ಪಿದ್ರು. ನಾಳೆ ಇದನ್ನ ತೋರಿಸಿ ಏನು ಹೇಳಲಿ?"

"ಬೇಲಿ ಹಾಕಿ ಅಂತಾರಾ?"

"ಅವರಿಗೆ ಮೊದಲಿಂದ ಅದೇ ಬೇಕಿತ್ತು."

ದನಿ ಏರಿಸದೆ ಅವಳು ಎದ್ದು ಹೋದಳು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವ ಹಾಗೆ, ಈಗ ಮೇಸ್ತ್ರಿಗೆ ಆ ಕಲ್ಲಿನಲ್ಲಿ ಗುಳಿಯಲ್ಲದೆ ಬೇರೇನೂ ಕಾಣಲಿಲ್ಲ. ಬೆರಳಿನಿಂದ ಒತ್ತಿದ. ಮೇಲ್ಪದರ ಬಿಗಿಯುತ್ತಿತ್ತು.

ಬಿಸಿಲು ಇಳಿಮುಖವಾದಾಗ ಅಕ್ಕ ತಲೆಯ ಮೇಲೆ ಗಂಟು ಹೊತ್ತು ಬಂದಳು. ಗಂಟು ಇಳಿಸಿದಳು, ಸೊಂಟ ನೆಟ್ಟಗೆ ಮಾಡಿದಳು, ಎಂದಿನಂತೆ ನೋಡದೆಯೇ ಕಲ್ಲಿನ ಮೇಲೆ ಅಂಗೈ ಊರಿದಳು. ಕೈ ಅಲ್ಲೇ ನಿಂತಿತು. ಸ್ವಂತ ಮನೆಯ ಕತ್ತಲಲ್ಲಿ ಇಲ್ಲದ ಮೆಟ್ಟಿಲು ಹುಡುಕುವ ಕಾಲಿನಂತೆ ಅತ್ತಿತ್ತ ತಡವರಿಸಿತು.

ಮೇಸ್ತ್ರಿ ಅಧಿಕಾರಿಣಿ ಅಂದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ.

"ನಿಂಗೆ ಸುಖ ಆಗಲಿ ಅಂತ ಮಾಡಿದೆ ಅಕ್ಕಾ."

"ಗೊತ್ತು ಕಣೋ. ಅದಕ್ಕೇ ಬೈಯೋಕೂ ಆಗ್ತಿಲ್ಲ."

ಅವಳು ಹೊಸ ಸಿಮೆಂಟಿನ ಮೇಲೆ ಬೆರಳಾಡಿಸಿದಳು.

"ಅಮ್ಮ ನಿನ್ನ ತಲೆ ಇದರೊಳಗಿಟ್ಟು ಮೀಯಿಸ್ತಿದ್ದಳು. ಜಾರದ ಹಾಗೆ ಕೂರ್ತಿತ್ತು. ಆ ತಲೇಲಿ ಇಷ್ಟೇ ಇದೆ ಅಂತ ಆಗ ಯಾರಿಗೆ ಗೊತ್ತಿತ್ತು?"

ಮೇಸ್ತ್ರಿ ನಗಲು ಹೋದ, ಆಗಲಿಲ್ಲ. ಚೀಲದಿಂದ ಉಳಿ ಸುತ್ತಿಗೆ ತೆಗೆದ.

"ಉಳಿ ಇಡು ಕೆಳಗೆ. ನೀನು ಕೆತ್ತಿದರೆ ಕೆತ್ತಿದ ಹಾಗೇ ಕಾಣುತ್ತೆ."

"ಮತ್ತೆ ಏನು ಮಾಡೋದು? ಬಿಗೀತಾ ಇದೆ."

"ನೀರು ಹುಯ್ಯಿ."

ಅಕ್ಕ ತಲೆಗೆ ಕಟ್ಟಿದ್ದ ಒರಟು ಬಟ್ಟೆ ಬಿಚ್ಚಿ, ತೊಟ್ಟಿಯಲ್ಲಿ ಅದ್ದಿ, ಕಲ್ಲಿನ ಮೇಲೆ ಹಾಕಿ ಉಜ್ಜತೊಡಗಿದಳು. ಹೆಗಲಿನಿಂದ ಇಳಿದು ಮುಂಗೈಯಲ್ಲಿ ತಿರುಗುವ ಅದೇ ಉಜ್ಜು. ಅಮ್ಮನ ಕೈಯೂ ಹೀಗೇ ತಿರುಗುತ್ತಿತ್ತು. ಮೊದಲು ಏನೂ ಆಗಲಿಲ್ಲ. ಆಮೇಲೆ ಗಾಜಿನಂಥ ಹೊಳಪು ಮಂಕಾಯಿತು, ಮರಳು ಕಾಳುಕಾಳಾಗಿ ಎದ್ದಿತು, ಬೂದುಬಣ್ಣದ ನೀರು ಹೊಸ ಮೋರಿಗೆ ಹರಿಯಿತು. ಮೇಸ್ತ್ರಿ ಚೊಂಬಿನಿಂದ ನೀರು ಹುಯ್ಯುತ್ತಲೇ ಇದ್ದ. ಅಕ್ಕನ ಗೆಣ್ಣುಗಳು ಕೆಂಪಾದವು.

"ನಾನು ಉಜ್ಜಲಾ?"

"ನಿನ್ನ ಕೈಗೆ ದಾರಿ ಗೊತ್ತಿಲ್ಲ. ಹುಯ್ಯಿ."

ಅಂಚು ಮೊದಲು ಕಂಡಿತು, ಆಮೇಲೆ ಇಳಿಜಾರು. ಮೇಸ್ತ್ರಿ ತಗ್ಗೆಂದು ತುಂಬಿದ ಜಾಗ ಅವಳ ಕೈಯಡಿ ಒಂದೊಂದೇ ಪದರ ಬಿಚ್ಚಿಕೊಂಡು ಇಳಿಯುತ್ತಾ ಹೋಯಿತು. ತಳದ ಹತ್ತಿರ ಬಟ್ಟೆ ಹರಿದು ಎಳೆಯೆಳೆಯಾಯಿತು. ಅಲ್ಲಿ ಹಿಡಿದ ಸಿಮೆಂಟು ಮಾತ್ರ ಅಲುಗಲಿಲ್ಲ. ಅಕ್ಕ ಉಗುರಿನಿಂದ ಕೆರೆದಳು, ನಿಲ್ಲಿಸಿದಳು.

"ಎಷ್ಟು ಉಳಿದಿದೆ? ನಾಳೆ ಸಮಿತಿಯವರ ಕೈಗೆ ಸಿಗುತ್ತಾ?" ಅಂದ ಮೇಸ್ತ್ರಿ.

"ಈ ಕೊಳೆ ನೀರಲ್ಲಿ ಏನು ಕಾಣುತ್ತೆ? ತಡಿ."

ಅವನು ಚೊಂಬು ಕೆಳಗಿಟ್ಟ. ಗುಳಿಯಲ್ಲಿ ಒಂದು ಬೊಗಸೆ ನೀರು ನಿಂತಿತ್ತು, ಕದಡಿ ಬೂದಿಯಂತೆ. ಇಬ್ಬರೂ ಮೊಣಕೈ ಊರಿ ಅದರ ಮೇಲೆ ಬಗ್ಗಿದರು. ಹಿಂದಿನಿಂದ ಒರತೆ ಸುರಿಯುವ ಸದ್ದು ಬರುತ್ತಿತ್ತು. ನೀರು ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ತಿಳಿಯಾಗತೊಡಗಿತು.