ಮೂರನೆಯ ಕೈ

ಮತ್ತೆ ಅದೇ ರುಚಿ, ತುಕ್ಕು ಹಿಡಿದ ಮೊಳೆಯನ್ನು ಬಾಯಲ್ಲಿಟ್ಟುಕೊಂಡ ಹಾಗೆ, ಕಾಫಿ ಕುಡಿದರೂ ಹೋಗದು, ಬಾಯಿ ಮುಕ್ಕಳಿಸಿದರೂ ಹೋಗದು, ಲವೀನಾ ಬಣ್ಣದ ಹಂಡೆಯ ಪಕ್ಕ ಉಗುಳಿದಳು, ಅಕ್ರೋಟು ಮರದ ಬೇರು ಕುದಿದು ಕುದಿದು ನೀರು ಕಾಡಿಗೆಯಾಗಿದೆ, ಇನ್ನು ವಾಟೆ ಬಿದಿರಿನ ಸೀಳುಗಳನ್ನು ಮುಳುಗಿಸಬೇಕು, ಕೈ ಮುಂದೆ ಹೋಗುತ್ತಿಲ್ಲ — ಹೋಬರ್ಟನ ಟ್ರಕ್ಕು ಎಬ್ಬಿಸಿದ ಧೂಳು ಇನ್ನೂ ತಿರುವಿನಲ್ಲಿ ನಿಂತಿದೆ, ತಮ್ಮ ಅಂದರೆ ಇವನೇ, ಬಂದ, ಕಾಳು ಬೆರೆಸಿ ಎಲೆಯಲ್ಲಿ ಬೇಯಿಸಿದ ಜೋಳದ ಕಡುಬು ತಿಂದ, ಬೆರಳು ನೆಕ್ಕಿದ, ಟ್ರಕ್ಕು ಹತ್ತಿದ ಮೇಲೆ ಹೇಳಿದ, ಮಳೆ ಬರಬಹುದು ಅನ್ನುವಷ್ಟು ಹಗುರಾಗಿ, ಅಕ್ಕಾ, ನೀವು ವಾಟೆ ಕಡೀತೀರಲ್ಲ, ಗುಡ್ಡದಾಚೆ ಆ ದೊಡ್ಡ ಹೊಲದ ಪಕ್ಕ, ಮೊನ್ನೆ ಮೀನಿಗೆ ಅಂತ ಹೋಗಿದ್ದೆ, ವಾಟೆಯೆಲ್ಲಾ ನಿಂತಲ್ಲೇ ಬಿಳಿಚಿಕೊಂಡಿದೆ, ಟ್ಯಾಂಕರಿನಲ್ಲಿ ತಂದು ಔಷಧಿ ಹೊಡೀತಿದ್ರು, ಮೂತಿಗೆಲ್ಲಾ ಕವಚ ಕಟ್ಕೊಂಡು ಚಂದ್ರನ ಮೇಲೆ ಹೊರಟೋರ ಥರ, ಕೇಳಿದ್ರೆ ಪ್ರತಿ ವರ್ಷ ಹೊಡೀತೀವಿ ಅಂದ್ರು, ದಂಡೆ ಮೇಲಿನ ಕಳೆಯೆಲ್ಲಾ ಸಾಯ್ಲಿ ಅಂತ, ನಿಮಗಿನ್ನು ಬೇರೆ ಜಾಗ ನೋಡ್ಕೋಬೇಕು ಪಾಪ. ಪಾಪ ಅಂದ, ಜಗಲಿಯ ಕಡೆ ಕೈ ಬೀಸಿದ, ಜಗಲಿಯಿಂದ ಮಗಳು ಟೆಸ್ ತಿರುಗಿ ಕೈ ಬೀಸಿದಳು, ಬಾಯಿ ತೆರೆಯಲಿಲ್ಲ, ತೆರೆಯುವ ಹಾಗಿರಲಿಲ್ಲ, ಹಲ್ಲಲ್ಲಿ ಕಚ್ಚಿ ಹಿಡಿದ ವಾಟೆಯ ಸೀಳಿತ್ತು. ಪ್ರತಿ ವರ್ಷ ಅಂದನಲ್ಲ.

ಹಂಡೆಯ ಕೆಳಗೆ ಇನ್ನೊಂದು ಸೌದೆ ತಳ್ಳಿದಳು, ಬೇಕಿರಲಿಲ್ಲ, ಆದರೂ ತಳ್ಳಿದಳು. ಎಲೆಯ ತುದಿ ಹಳದಿಯಾಗಿತ್ತು, ಅವಳು ನೋಡಿದ್ದಳು, ಕಳೆದ ವರ್ಷವೂ ನೋಡಿದ್ದಳು, ಹಿಮ ಬಿದ್ದಿರಬೇಕು ಅಂದುಕೊಂಡಳು, ಹಿಮ ಬೀಳುವ ಮೊದಲೇ ಹಾಗೆ ಅಂದುಕೊಂಡಳು, ಮನುಷ್ಯರಿಗೆ ಬೇಕಾದಾಗ ಏನನ್ನಾದರೂ ಅಂದುಕೊಳ್ಳಬಹುದು. ಅಜ್ಜಿಯಾಗಿದ್ದರೆ, ಎಲಿಸಿ ಇದ್ದಿದ್ದರೆ, ವಾಟೆ ಮೆಳೆಗೆ ಹೋದವಳು ಮೊದಲು ಕೂರುತ್ತಿದ್ದಳು, ಕತ್ತಿಯನ್ನು ಲಂಗದ ಕೆಳಗೆ ಮುಚ್ಚಿಟ್ಟು ಸುಮ್ಮನೆ ಕೂರುವುದು, ಏನ್ ಮಾಡ್ತಿದ್ದೀ ಎಲಿಸಿ ಎಂದು ಚಿಕ್ಕ ಲವೀನಾ ಅಂದರೆ, ಕೇಳ್ತಿದ್ದೀನಿ ಕಣೇ, ಒಳಗೆ ಹಕ್ಕಿ ಇದಾವೋ ಇಲ್ವೋ, ಅವು ಮನೆ ಮಾಡದ ಕಡೆ ನಮಗೇನು ಕೆಲಸ. ಅಲ್ಲಿ ಹಕ್ಕಿ ಇರಲಿಲ್ಲ. ಕಪ್ಪೆಯೂ ಇರಲಿಲ್ಲ, ಎಷ್ಟು ನಿಶ್ಶಬ್ದ ಅಂದರೆ ಟೆಸ್ ಪಿಸುಮಾತಿನಲ್ಲಿ ನಕ್ಕಿದ್ದಳು, ಎಟ್ಸಿ, ಅಮ್ಮನನ್ನು ಕರೆಯುವುದೇ ಹಾಗೆ, ಚರ್ಚಿಗೆ ಬಂದ ಹಾಗಿದೆ ಅಲ್ವಾ, ಹಾವೂ ಇಲ್ಲ ನೋಡು ಅಂದಳು ಲವೀನಾ, ಖುಷಿಯಿಂದ ಅಂದಳು, ಅಮ್ಮ ಮಗಳಿಬ್ಬರೂ ಕಾಣಿಕೆಗೆ ಹೊಗೆಸೊಪ್ಪು ಉದುರಿಸಿ, ಕಡಿಯುತ್ತೇವೆ ತಪ್ಪು ತಿಳಿಯಬೇಡ ಎಂದು ಗಿಡಕ್ಕೆ ಹೇಳಿ, ಹಳೆಯ ಗಳಗಳನ್ನಷ್ಟೇ ಆರಿಸಿ ಕಡಿದರು, ಎಲ್ಲವನ್ನೂ ಸರಿಯಾಗಿ ಮಾಡಿದರು, ಕೂತು ಕೇಳುವುದೊಂದನ್ನು ಬಿಟ್ಟು. ಕೇಳುವುದಕ್ಕೆ ಪುರುಸೊತ್ತೆಲ್ಲಿ, ಊರಿನ ವಾಟೆಯನ್ನು ಅಂಗಡಿಗಳೂ ವಾಹನ ನಿಲ್ಲಿಸುವ ಜಾಗಗಳೂ ನುಂಗಿದ ಮೇಲೆ ಬುಟ್ಟಿ ಹೆಣೆಯುವವರೆಲ್ಲ ಪಕ್ಕದ ಜಿಲ್ಲೆಗಳ ಹೊಳೆದಂಡೆ ಅಲೆಯುತ್ತಿದ್ದಾರೆ, ಸಿಕ್ಕ ಮೆಳೆಯ ಗುಟ್ಟನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುವುದಿಲ್ಲ, ಅವಳೂ ಬಿಟ್ಟುಕೊಡಲಿಲ್ಲ, ನಮ್ಮದು ನಮ್ಮದು ಎಂದು ಬಚ್ಚಿಟ್ಟುಕೊಂಡಳು. ಯಾರಿಗಾದರೂ ಹೇಳಿದ್ದರೆ ಅವರಾದರೂ ಅಯ್ಯೋ ಅಲ್ಲಿಗಾ, ಅಲ್ಲಿ ಔಷಧಿ ಹೊಡೀತಾರೆ ಅನ್ನುತ್ತಿದ್ದರು.

ಚರ್ರ್ — ಜಗಲಿಯಿಂದ ಆ ಸದ್ದು, ವಾಟೆಯ ಸಿಪ್ಪೆ ತಿರುಳಿನಿಂದ ಬಿಡಿಸಿಕೊಳ್ಳುವ ಸದ್ದು, ಹುಟ್ಟಿದಾಗಿನಿಂದ ಕೇಳಿದ್ದು, ತೊಟ್ಟಿಲ ಹಾಡಿಗಿಂತ ಮೊದಲು ಕೇಳಿದ್ದು, ಒಂದು ತುದಿ ಹಲ್ಲಲ್ಲಿ, ಎರಡು ಕೈ ಕೆಳಕ್ಕೆ, ಚರ್ರ್, ನಿನಗೆ ಮೂರನೇ ಕೈ ಇದೆಯಲ್ಲೇ, ಅದನ್ನೂ ದುಡಿಸು ಅನ್ನುತ್ತಿದ್ದಳು ಎಲಿಸಿ, ತನ್ನ ಮುಂದಿನ ಹಲ್ಲು ತೋರಿಸಿ, ಅಲ್ಲೊಂದು ಸಣ್ಣ ಕಚ್ಚಿತ್ತು, ಸೀಳು ಎಳೆದೆಳೆದು ಆದ ಕಚ್ಚು, ಅಮ್ಮನಿಗೂ ಇತ್ತು, ಲವೀನಾಳಿಗೂ ಇದೆ, ನಾಲಿಗೆ ತಾನಾಗಿ ಅಲ್ಲಿಗೆ ಹೋಗುತ್ತದೆ, ಈಗಲೂ ಹೋಯಿತು, ಮೊಳೆಯ ರುಚಿ. ಟೆಸ್‌ಗೆ ಇರಲಿಲ್ಲ. ಟೆಸ್ ಕರಕುಶಲ ಶಾಲೆಯಿಂದ ಒಂದು ಕಬ್ಬಿಣದ ಚಿಮಟ ತಂದಿದ್ದಳು, ಮೇಜಿನ ಅಂಚಿಗೆ ಬಿಗಿದು ಸೀಳಿನ ತುದಿಯನ್ನು ಅದಕ್ಕೆ ಕಚ್ಚಿಸಿ ಎಳೆಯುತ್ತಿದ್ದಳು, ನಕ್ಕವರು ಯಾರು, ಲವೀನಾಳೇ, ನಂಟರ ಮುಂದೆಯೇ ನಕ್ಕಳು, ನೋಡ್ರೇ ನಮ್ಮನೆ ಹುಡುಗೀನ, ಹಲ್ಲುದುರಿದ ಮುದುಕಿ ಥರ ಚಿಮಟ ಹಿಡ್ಕೊಂಡು ಕೂತವ್ಳೆ, ಎಲ್ಲರೂ ನಕ್ಕರು, ಟೆಸ್ ಕೂಡ, ಆಮೇಲೆ ಚಿಮಟ ಕೊಟ್ಟಿಗೆಯ ಮೊಳೆಗೆ ಹೋಯಿತು, ಹಿಂದಿನ ಚಳಿಗಾಲದ ಹೊತ್ತಿಗೆ ಮಗಳ ಹಲ್ಲಿನಲ್ಲೂ ಸಣ್ಣ ಕಚ್ಚು, ತೋರಿಸಿದಳು, ಬೆಳಕಿಗೆ ಮುಖವೆತ್ತಿ ಹೆಮ್ಮೆಯಿಂದ ತೋರಿಸಿದಳು, ಈಗ ನಾನೂ ನಿಮ್ಮೋಳಾದೆ ತಾನೇ ಎಟ್ಸಿ. ಆಗಲೇ ಅಂದಿದ್ದಳು, ಈ ವಾಟೆ ಒಂಥರಾ ಸಿಹಿಯಾಗಿದೆ, ನಮ್ಮ ಹಳೇದರ ಥರ ಒಗರಿಲ್ಲ. ಹೊಸ ಮಣ್ಣು ಕಣೇ ಅಂದಳು ಲವೀನಾ.

ಸಿಹಿ ಅಂದಿದ್ದು ಚಳಿಗಾಲದಲ್ಲಿ, ಮತ್ತೆ ವಸಂತ — ಬೇಡ, ಅದನ್ನು ಈಗ ನೆನೆಯುವುದು ಬೇಡ, ಆದರೆ ಮನಸ್ಸು ಕೇಳಬೇಕಲ್ಲ, ವಸಂತದಲ್ಲಿ ಟೆಸ್ ಬಚ್ಚಲಿನಿಂದ ಕರೆದಿದ್ದು, ಎಟ್ಸಿ ಎಂದು ಒಂದೇ ಸಲ, ಸಣ್ಣ ದನಿಯಲ್ಲಿ, ಟವೆಲ್ಲು, ಆಸ್ಪತ್ರೆಯ ದಾರಿ, ಆ ಡಾಕ್ಟರಮ್ಮ ಕೈ ತೊಳೆಯುತ್ತ, ಹೀಗಾಗುತ್ತೆ ಕೆಲವು ಸಲ, ಯಾರ ತಪ್ಪೂ ಅಲ್ಲ, ಲವೀನಾ ಮಾತ್ರ ತಪ್ಪು ಹುಡುಕಿದಳು, ಬಸುರಿ ಹೊಸ್ತಿಲಲ್ಲಿ ನಿಂತರೆ ಮಗುವೂ ಬಾಗಿಲಲ್ಲೇ ನಿಲ್ಲುತ್ತದೆ ಎಂದು ಹೇಳಿದ್ದೆನಲ್ಲ, ನಿಂತಿದ್ದಳಲ್ಲ ಇವಳು, ಫೋನು ಹಿಡಿದು ಗಂಟೆಗಟ್ಟಲೆ ಹೊಸ್ತಿಲಲ್ಲೇ ನಿಂತಿದ್ದಳಲ್ಲ, ಅದಕ್ಕೇ ಈ ಸಲದ ಬಸಿರಿಗೆ ಕಾವಲು, ಚುಕ್ಕೆ ಮೀನು ತಿನ್ನಬೇಡ, ಮಗುವಿನ ಮೈಮೇಲೆ ಮಚ್ಚೆ ಬರುತ್ತೆ, ಅಳಿಲಿನ ಮಾಂಸ ಬೇಡ, ಹೊಸ್ತಿಲಲ್ಲಿ ನಿಲ್ಲಬೇಡ, ನಿಲ್ಲಬೇಡ ಅಂದೆನಲ್ಲೇ, ದಿನಕ್ಕೆಷ್ಟು ಸಲವೋ, ಹೋಬರ್ಟ್ ಗಿಣಿ ಎಂದು ಅಣಕಿಸುವಷ್ಟು ಸಲ. ಬಾಗಿಲನ್ನೆಲ್ಲ ಕಾದಳು. ಬಾಯಿಯೊಂದನ್ನು ಕಾಯಲಿಲ್ಲ. ಲವೀನಾಳೇ ಕೈಯಾರೆ ಕಡಿದು, ಹೆಗಲ ಮೇಲೆ ಹೊತ್ತು, ನಾಲ್ಕಾಗಿ ಸೀಳಿ, ಮಗಳ ಮಡಿಲಿಗೆ ಹಾಕಿದಳು, ತಗೋ, ನೀನು ಕೂತಲ್ಲೇ ಮಾಡು, ಭಾರ ಎತ್ತಬೇಡ. ವಸಂತದ್ದೂ ಇದರಿಂದಲೇ ಇರಬಹುದೇ, ಯಾರಿಗೆ ಗೊತ್ತು, ಯಾರೂ ಹೇಳಲಾರರು, ಎಂದಿಗೂ ಹೇಳಲಾರರು.

ರಸ್ತೆಯ ಕಡೆ ಮನೆಯ ಬುಟ್ಟಿ ಅಂಗಡಿಯ ಹಲಗೆ ಕಾಣುತ್ತದೆ, ಹೋಬರ್ಟನೇ ಬರೆದದ್ದು, ಮೇಲೆ ಎಲಿಸಿಯ ಹೆಸರು, ಕೆಳಗೆ ಅಮ್ಮ, ಆಮೇಲೆ ಲವೀನಾ, ಈ ಬೇಸಿಗೆಯಲ್ಲಿ ಸೇರಿಸಿದ್ದು ಟೆಸ್, ಅದರ ಕೆಳಗೆ ಒಂದು ಸಾಲು ಜಾಗ ಬಿಟ್ಟಿದ್ದಾನೆ, ಯಾಕೋ ಎಂದರೆ ಬರೋಳಿಗೆ ಅಂದ, ಹೆಣ್ಣೇ ಅಂತ ನಿನಗೆ ಹೇಗೋ ಗೊತ್ತು, ನಮ್ಮ ಕುಲ ಮುಂದೆ ಹೋಗೋದು ಹೆಣ್ಣಿಂದ ಅಲ್ವಾ ಅಕ್ಕಾ, ಬರ್ತಾಳೆ ಬಿಡು. ಅವಳಿಗೆಂದೇ ಟೆಸ್ ಹೆಣೆಯುತ್ತಿದ್ದಾಳೆ ಆ ಜೋಡಿ ಗೋಡೆಯ ಬುಟ್ಟಿ, ಒಳಗಿನ ತಳದಿಂದ ಹೊರಟು ಒಳಗೋಡೆ ಹತ್ತಿ ಅಂಚಿನಲ್ಲಿ ಬಾಗಿ ಹೊರಗೋಡೆ ಇಳಿದು ಮತ್ತೆ ತಳಕ್ಕೆ, ನೀರೂ ಸೋರದಷ್ಟು ಬಿಗಿ, ಮಾರುವುದಕ್ಕಲ್ಲ ಎಟ್ಸಿ, ಪಾಪುವಿನ ಬಟ್ಟೆಗೆ. ಕೂಸು ಬಾಯಿಗೆ ಹಾಕುವ ಬಟ್ಟೆಗೆ. ಹೇಳಬೇಕು. ಈಗಲೇ ಹೋಗಿ ಹೇಳಬೇಕು, ಉಗುಳು, ಬಾಯಿ ತೊಳಿ, ಅದನ್ನೆಲ್ಲ ಬಿಸಾಕು, ನಡಿ ಆಸ್ಪತ್ರೆಗೆ, ಎರಡು ಮಾತು, ಆದರೆ ಹೇಳಿದ ಗಳಿಗೆಯಲ್ಲೇ ಅವಳಿಗೂ ವಸಂತ ನೆನಪಾಗುತ್ತದೆ, ಕಣ್ಣೆತ್ತಿ ಅಮ್ಮನನ್ನು ನೋಡುತ್ತಾಳೆ, ಆ ಒಂದು ನೋಟ — ಲವೀನಾ ಕೊಟ್ಟಿಗೆಗೆ ಹೋದಳು, ಮೊಳೆಯಿಂದ ಚಿಮಟ ತೆಗೆದುಕೊಂಡಳು, ತಣ್ಣಗಿತ್ತು, ಜೇಡ ಗೂಡು ಕಟ್ಟಿತ್ತು, ಲಂಗಕ್ಕೆ ಒರೆಸಿದಳು, ಇದನ್ನು ಕೊಡುತ್ತೇನೆ, ಕೊಡುತ್ತ ಹೇಳುತ್ತೇನೆ, ಎಂದುಕೊಂಡು ಅಂಗಳ ದಾಟಿದಳು.

ಜಗಲಿಯಲ್ಲಿ ಕುರ್ಚಿ ಖಾಲಿ. ಸಿಪ್ಪೆ, ತಿರುಳು, ಅರ್ಧ ಹೆಣೆದ ಬುಟ್ಟಿ, ಚಾಕು. ಟೆಸ್ ನೀರು ಕುಡಿಯಲೆಂದೋ ಏನೋ ಎದ್ದಿದ್ದಳು, ಹೆಜ್ಜೆಯ ಸದ್ದಿಗೆ ತಿರುಗಿ ನಿಂತಳು, ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಬಾಗಿಲವಾಡದ ಮೇಲೆ, ಹಲ್ಲಲ್ಲಿ ಉದ್ದನೆಯ ಬಿಳಿ ಸೀಳು, ಅದರ ಇನ್ನೊಂದು ತುದಿ ನೆಲದ ಮೇಲೆ, ಅಮ್ಮನ ಕೈಯ ಚಿಮಟ ಕಂಡು ಕಣ್ಣಲ್ಲೇ ನಕ್ಕಳು, ಹುಬ್ಬು ಹಾರಿಸಿದಳು, ಈಗ್ಯಾಕೆ ಇದು ಎನ್ನುವ ಹಾಗೆ, ಲವೀನಾ ಬಾಯಿ ತೆರೆದಳು, ನಾಲಿಗೆಗೆ ರೂಢಿಯಾದದ್ದೇ ಮೊದಲು ಹೊರಬಿತ್ತು, ಹೊಸ್ತಿಲಲ್ಲಿ ನಿಲ್ಲಬೇಡ ಅಂದೆನಲ್ಲೇ. ಹ್ಞೂಂ ಎಂದು ಹಲ್ಲುಬಿಡದೆ ನಕ್ಕು, ಹೇಳಿದ ಮಾತು ಕೇಳುವ ಹುಡುಗಿ, ಟೆಸ್ ಒಳಕ್ಕೆ ಸರಿದಳು, ಹಿಂದೆಯೇ ಸೀಳಿನ ಬಾಲ ಜಗಲಿಯ ಹಲಗೆಯ ಮೇಲೆ ಸರ್ರನೆ ಹರಿಯಿತು, ಬಿಳಿಯದು, ಉದ್ದನೆಯದು, ಹೊಸ್ತಿಲು ಹತ್ತಿತು, ದಾಟಿತು, ಒಳಗೆ ಹೋಯಿತು, ಹಲ್ಲಲ್ಲಿ ಬಿಳಿ ಸೀಳು, ಒಳಗೆ ಹೋಯಿತು, ಬಿಳಿ ಸೀಳು.